ಮುರಕಲ್ಲಿನ ಕಪ್ಪೆಗೆ ಕುತ್ತು, ಹಾವಸೆಗೆ ಯಾಕಿಲ್ಲ?

ಪ್ಲಸ್ ಒನ್ ಜೀವಶಾಸ್ತ್ರದ ಪುಸ್ತಕದಲ್ಲಿ ಒಂದು ಮಾತು ಬರುತ್ತದೆ: ಹಾವಸೆಯ (ಮಾಸ್) ಗುಂಪಿನ ಗಿಡಗಳು ಸಸ್ಯಲೋಕದ ಉಭಯವಾಸಿಗಳು, ಅಂದರೆ ಕಪ್ಪೆಯ ಹಾಗೆ ನೆಲವೂ ನೀರೂ ಎರಡೂ ಬೇಕಾದವು. ಒಂದು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದ ಸಾಲು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಮರೆಯುತ್ತಾರೆ. ಆದರೆ ಆ ಸಾಲನ್ನು ಹಿಡಿದು ಸ್ವಲ್ಪ ಎಳೆದರೆ ಒಳ್ಳೆಯ ಪ್ರಶ್ನೆಯೊಂದು ಸಿಗುತ್ತದೆ. ಕಪ್ಪೆಯೂ ಹಾವಸೆಯೂ ಅಷ್ಟು ಹತ್ತಿರದ ಸ್ವಭಾವದವು ಅಂತಾದರೆ, ಕಪ್ಪೆಗಳಲ್ಲಿ ಇಷ್ಟೊಂದು ಜಾತಿಗಳು ಅಳಿವಿನ ಅಂಚಿಗೆ ಬಂದದ್ದು ಯಾಕೆ? ಹಾವಸೆ ಮಾತ್ರ ನಾಲ್ಕು ಮಳೆ ಬಿದ್ದರೆ ಸಾಕು, ಬಾವಿಕಟ್ಟೆ, ಪಾಗಾರ, ಮೋರಿ, ದೇವಸ್ಥಾನದ ಮೆಟ್ಟಿಲು ಯಾವುದನ್ನೂ ಬಿಡದೆ ಹಸಿರಾಗುವುದು ಯಾಕೆ?

ಕಪ್ಪೆಗಳ ಸ್ಥಿತಿ ಎಷ್ಟು ಕೆಟ್ಟಿದೆ ಅನ್ನುವುದಕ್ಕೆ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. 2023ರಲ್ಲಿ ಐಯುಸಿಎನ್ ಕೆಂಪು ಪಟ್ಟಿಗಾಗಿ, ಅಂದರೆ ಯಾವ ಜೀವಿಗೆ ಎಷ್ಟು ಅಪಾಯ ಇದೆ ಅಂತ ಹೇಳುವ ಜಾಗತಿಕ ಪಟ್ಟಿಗಾಗಿ, ಜಗತ್ತಿನ 8,011 ಜಾತಿಯ ಉಭಯವಾಸಿಗಳ ಲೆಕ್ಕ ಹಾಕಿದರು. ಅದರಲ್ಲಿ ಶೇ. 40.7ರಷ್ಟು ಅಪಾಯದಲ್ಲಿವೆ ಅಂತ ಗೊತ್ತಾಯಿತು. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಇಷ್ಟು ಕಷ್ಟದಲ್ಲಿರುವ ಗುಂಪು ಇನ್ನೊಂದಿಲ್ಲ. ಹಕ್ಕಿಯೂ ಅಲ್ಲ, ಹುಲಿ ಸಿಂಹಗಳ ಬಳಗವೂ ಅಲ್ಲ.

ಉತ್ತರ ಹುಡುಕಲು ಕಾಸರಗೋಡಿನವರು ದೊಡ್ಡ ಕಾಡಿಗೆ ಹೋಗಬೇಕಾಗಿಲ್ಲ. ಊರ ಬದಿಯ ಪದವು, ಅಂದರೆ ಗುಡ್ಡದ ಮೇಲಿನ ಕಲ್ಲಿನ ಬಯಲು ಸಾಕು. ಬಾಯಾರು, ಪೆರ್ಲ, ಸೀತಾಂಗೋಳಿ, ಪೊಸಡಿ ಗುಂಪೆಯ ಸುತ್ತ, ಎಲ್ಲಿ ಬೇಕಾದರೂ ಆಗುತ್ತದೆ. ಬೇಸಿಗೆಯಲ್ಲಿ ಪದವು ಅಂದರೆ ಕಾಲು ಸುಡುವ ಕಪ್ಪು ಮುರಕಲ್ಲು, ಅಲ್ಲಲ್ಲಿ ಒಣಗಿದ ಮುಳಿಹುಲ್ಲು, ನಾಲ್ಕು ಗೇರುಮರ. ಜೂನ್ ಬಂತೆಂದರೆ ಅದೇ ಜಾಗದ ಗುರುತೇ ಸಿಗುವುದಿಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ನೀರುದೋಸೆಯ ಹಾಗೆ ಮೈತುಂಬ ತೂತಿರುವ ಈ ಕಲ್ಲು ಒಂದಷ್ಟು ನೀರನ್ನು ಕೆಳಗೆ ಇಳಿಸುತ್ತದೆ. ಆ ನೀರೇ ಆಮೇಲೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗಗಳಲ್ಲಿ ಬರುವುದು. ಉಳಿದದ್ದು ಮೇಲೆಯೇ ಸಣ್ಣ ಸಣ್ಣ ಹೊಂಡಗಳಲ್ಲಿ ನಿಲ್ಲುತ್ತದೆ.

ಅಂಥ ಒಂದು ಹೊಂಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ. ಗೇಣುದ್ದ ಆಳವೂ ಇರುವುದಿಲ್ಲ. ನೀರಿನ ಅಂಚಿನಲ್ಲಿ ಕಲ್ಲಿಗೆ ಕಚ್ಚಿಕೊಂಡ ಹಾವಸೆಯ ಮೆತ್ತೆ. ತೇವದ ಮಣ್ಣಿನಲ್ಲಿ ಪುಟ್ಟ ನೀಲಿ ಹೂಗಳು. ಮಲಯಾಳಿಗಳು ಕಾಕ್ಕಪ್ಪೂವು ಅಂತ ಓಣಂ ಪೂಕಳಕ್ಕೆ ಕೊಯ್ಯುವುದು ಇದನ್ನೇ. ನೀರಿನ ಮೇಲ್ಮೈಯಲ್ಲಿ ಕೆಲವೊಮ್ಮೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಒಂದೇ ಪದರವಾಗಿ ತೇಲುತ್ತಿರುತ್ತವೆ. ಅದು ಸಣ್ಣ ಬಾಯಿಯ ಕಪ್ಪೆಗಳ, ಅಂದರೆ ಮೈಕ್ರೊಹೈಲಾ ಕುಲದ ಕಪ್ಪೆಗಳ ಮೊಟ್ಟೆ.

ಈ ಕುಲದಲ್ಲಿ ಮುರಕಲ್ಲಿನ ಹೆಸರನ್ನೇ ಹೊತ್ತ ಒಂದು ಕಪ್ಪೆ ಇದೆ: ಮೈಕ್ರೊಹೈಲಾ ಲ್ಯಾಟರೈಟ್. ಲ್ಯಾಟರೈಟ್ ಅಂದರೆ ಇಂಗ್ಲಿಷಿನಲ್ಲಿ ಮುರಕಲ್ಲು. ಕಾಸರಗೋಡಿನಿಂದ ಉತ್ತರಕ್ಕೆ ನೂರು ಕಿಲೋಮೀಟರ್ ಚಿಲ್ಲರೆ ಹೋದರೆ ಸಿಗುವ ಮಣಿಪಾಲದ ಸುತ್ತಮುತ್ತಲಿನ ಮುರಕಲ್ಲಿನ ನೆಲದಲ್ಲಿ ಇದು ಸಿಕ್ಕಿತು. ಕೆ. ಎಸ್. ಶೇಷಾದ್ರಿ, ಕೆ. ವಿ. ಗುರುರಾಜ ಮತ್ತು ಜೊತೆಗಾರರು 2016ರಲ್ಲಿ ಇದನ್ನು ಹೊಸ ಜಾತಿ ಅಂತ ಲೋಕಕ್ಕೆ ತಿಳಿಸಿದರು. ಉದ್ದ ಬರೀ 1.6 ಸೆಂಟಿಮೀಟರ್. ತಿಳಿ ಕಂದು ಮೈ, ಬೆನ್ನಿನ ಮೇಲೆ, ಪಕ್ಕೆಯಲ್ಲಿ, ಕೈಕಾಲುಗಳಲ್ಲಿ ಕಪ್ಪು ಗೆರೆ. ಕೂಗಿದರೆ ಜೀರುಂಡೆ ಅಂದುಕೊಳ್ಳಬೇಕು. ಕಾಲೇಜು, ಆಸ್ಪತ್ರೆ, ಹಾಸ್ಟೆಲುಗಳಿಂದ ಗಿಜಿಗುಡುವ ಊರಿನ ಪಕ್ಕದಲ್ಲೇ ಇದು ಇಷ್ಟು ಕಾಲ ಯಾರ ಲೆಕ್ಕಕ್ಕೂ ಸಿಗದೆ ಇತ್ತು ಅನ್ನುವುದು ನನಗೆ ಈಗಲೂ ಆಶ್ಚರ್ಯ.

ಗೊತ್ತಾದ ಹೊತ್ತಿಗೆ ಇದರ ನೆಲೆ 150 ಚದರ ಕಿಲೋಮೀಟರಿಗಿಂತಲೂ ಕಡಿಮೆ ಇತ್ತು. ಹಾಗಾಗಿ ಅದನ್ನು ಕಂಡವರೇ ಇದು ಕೆಂಪು ಪಟ್ಟಿಯ ‘ಎಂಡೇಂಜರ್ಡ್’ (ಅಳಿವಿನ ಅಪಾಯದಲ್ಲಿರುವ) ವರ್ಗಕ್ಕೆ ಸೇರಬೇಕು ಅಂದರು. ಈ ಪದವನ್ನು ನಾವು ಪೇಪರಿನಲ್ಲಿ ದಿನಾ ಓದುತ್ತೇವೆ. ಆದರೆ ಅದು ಸುಮ್ನೆ ಕನಿಕರದಿಂದ ಕೊಡುವ ಬಿರುದಲ್ಲ, ಅಳತೆ ಇದೆ. ಒಂದು ಜೀವಿ ಹರಡಿರುವ ಪ್ರದೇಶ 5,000 ಚದರ ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಅಷ್ಟೇ ಆದರೆ ಸಾಲದು. ಆ ಪ್ರದೇಶ ತುಂಡು ತುಂಡಾಗಿರುವುದು ಅಥವಾ ಐದಕ್ಕಿಂತ ಹೆಚ್ಚು ತಾಣ ಇಲ್ಲದಿರುವುದು, ನೆಲೆಯೋ ಸಂಖ್ಯೆಯೋ ಇನ್ನೂ ಇಳಿಯುತ್ತಾ ಹೋಗುವುದು, ಸಂಖ್ಯೆ ವಿಪರೀತ ಏರಿಳಿಯುವುದು, ಇವುಗಳಲ್ಲಿ ಎರಡಾದರೂ ಕಾಣಬೇಕು. ಪ್ರದೇಶ 100 ಚದರ ಕಿಲೋಮೀಟರಿಗಿಂತ ಕಡಿಮೆಯಾದರೆ ಇನ್ನೂ ಮೇಲಿನ ‘ಕ್ರಿಟಿಕಲಿ ಎಂಡೇಂಜರ್ಡ್’ ವರ್ಗ. ಬೇರೆ ದಾರಿಗಳೂ ಇವೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಜಾಸ್ತಿಯೋ ಅಷ್ಟರೊಳಗೆ ಸಂಖ್ಯೆ ಅರ್ಧಕ್ಕಿಳಿದರೂ ‘ಎಂಡೇಂಜರ್ಡ್’ ವರ್ಗಕ್ಕೆ ಸೇರಬಹುದು. ಸಣ್ಣ ಕಪ್ಪೆಗಳನ್ನು ಎಣಿಸುವುದು ಸುಲಭವಲ್ಲ. ಹಾಗಾಗಿ ಹೆಚ್ಚಾಗಿ ಪ್ರದೇಶದ ಲೆಕ್ಕವೇ ಕೆಲಸಕ್ಕೆ ಬರುವುದು.

ಇನ್ನು ಹಾವಸೆ. ನಾವು ಜಾರುವ ಹಸಿರಿಗೆಲ್ಲ ಪಾಚಿ ಅಂದುಬಿಡುತ್ತೇವೆ. ಅಂಗಳದಲ್ಲಿ ಕಾಲು ಜಾರಿಸುವ ಲೋಳೆ ಬೇರೆ, ಕಲ್ಲಿನ ಮೇಲೆ ಮಖಮಲ್ಲಿನಂತೆ ಕೂರುವ ಹಾವಸೆ ಬೇರೆ. ಹಾವಸೆಯನ್ನು ಉಗುರಿನಿಂದ ಕಿತ್ತು ಕಣ್ಣ ಹತ್ತಿರ ತಂದರೆ ಕಾಂಡ, ಎಲೆ ಎಲ್ಲ ಕಾಣುತ್ತದೆ. ಪೂರ್ತಿ ಗಿಡವೇ, ಬೇರು ಮಾತ್ರ ಇಲ್ಲ. ಕಲ್ಲು ಹಿಡಿದುಕೊಳ್ಳಲು ಕೂದಲಿನಂಥ ಎಳೆಗಳಿರುತ್ತವೆ ಅಷ್ಟೆ. ತೋಡಿನ ಕಲ್ಲು, ಮೋರಿಯ ಗೋಡೆ, ಸಿಮೆಂಟಿನ ಕಟ್ಟೆಗಳಲ್ಲಿ ಧಾರಾಳವಾಗಿ ಸಿಗುವ ಒಂದು ಹಾವಸೆಯ ಹೆಸರು ಹಯೋಫಿಲಾ ಇನ್ವೊಲುಟಾ. ಉಷ್ಣವಲಯದ ದೇಶಗಳಲ್ಲೆಲ್ಲ ಇದೆ. ಮಳೆಗಾಲದಲ್ಲಿ ನೀರಿನಡಿ ಮುಳುಗಿದರೂ ಸರಿ, ಬೇಸಿಗೆಯಲ್ಲಿ ಕಾದ ಸಿಮೆಂಟಿನ ಮೇಲೆ ಒಣಗಿದರೂ ಸರಿ. ಒಣಗಿದಾಗ ಎಲೆಯ ಎರಡೂ ಅಂಚು ಒಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ಚಮಚ ನೀರು ಹನಿಸಿ ನೋಡಿ, ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ.

ಇವೆರಡರಲ್ಲಿ ಸಮಾನವಾದದ್ದು ಏನು? ಚರ್ಮ.

ಹಾವಿಗೆ ಹುರುಪೆ ಇದೆ, ಹಕ್ಕಿಗೆ ಗರಿ ಇದೆ, ನಮಗೆ ದಪ್ಪ ಚರ್ಮ ಇದೆ. ಮಾವಿನ ಎಲೆಗೆ ಮೇಣದಂಥ ಹೊದಿಕೆ ಇದೆ. ನೀರು ಒಳಗೆ ಬರುವುದು ಹೊರಗೆ ಹೋಗುವುದು ಎಲ್ಲ ಇವುಗಳ ಹಿಡಿತದಲ್ಲಿರುತ್ತದೆ. ಕಪ್ಪೆಗೂ ಹಾವಸೆಗೂ ಆ ಹಿಡಿತ ಇಲ್ಲ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ತೆಳು ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕೂರುತ್ತದೆ, ನೀರು ಒಳಗೆ ಇಳಿಯುತ್ತದೆ. ಶ್ವಾಸಕೋಶ ಇದ್ದರೂ ಉಸಿರಾಟದ ಒಂದು ಪಾಲು ನಡೆಯುವುದು ಚರ್ಮದ ಮೂಲಕವೇ. ಕಾರ್ಬನ್ ಡೈಆಕ್ಸೈಡ್ ಬಹುಪಾಲು ಹೊರಹೋಗುವುದೂ ಅಲ್ಲಿಂದಲೇ. ಅದಕ್ಕೇ ಚರ್ಮ ಯಾವಾಗಲೂ ಒದ್ದೆ ಇರಬೇಕು. ಹಾವಸೆಯ ಎಲೆಯಂತೂ ಹೆಚ್ಚಿನ ಜಾತಿಗಳಲ್ಲಿ ಒಂದೇ ಜೀವಕೋಶದಷ್ಟು ದಪ್ಪ. ಬೇರಿಲ್ಲದ ಮೇಲೆ ನೀರು, ಗೊಬ್ಬರ, ಧೂಳು, ವಿಷ ಏನೇ ಬಂದರೂ ಮೈಯಿಂದಲೇ ಒಳಗೆ.

ಮರಿ ಮಾಡುವ ವಿಷಯದಲ್ಲೂ ಹಾಗೆಯೇ. ಹಾವಸೆಯ ಗಂಡು ಜೀವಕೋಶಕ್ಕೆ ಎರಡು ಬಾಲ. ಹೆಣ್ಣಿನ ಹತ್ತಿರ ಅದು ಈಜಿಕೊಂಡೇ ಹೋಗಬೇಕು, ಒಂದು ಹನಿ ನೀರಾದರೂ ಬೇಕು. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ, ಬರೀ ಲೋಳೆ. ಹೆಚ್ಚಿನ ಜಾತಿಗಳಲ್ಲಿ ಅದೂ ನೀರಲ್ಲೇ ಆಗಬೇಕು. ಪುಸ್ತಕದ ಸಾಲು ಇಲ್ಲಿಯವರೆಗೆ ಸರಿ.

ಮುಂದೆ ದಾರಿ ಕವಲೊಡೆಯುತ್ತದೆ. ನೀರು ಹೋದ ಮೇಲೆ ಏನು ಮಾಡುತ್ತೀ ಅನ್ನುವ ಪ್ರಶ್ನೆಗೆ ಇವೆರಡೂ ಕೊಟ್ಟ ಉತ್ತರ ಬೇರೆ ಬೇರೆ. ಕಪ್ಪೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಅದನ್ನು ಉಳಿಸಿಕೊಳ್ಳಲು ಅದು ಏನೇನೋ ಮಾಡುತ್ತದೆ. ಕಲ್ಲಿನ ಸಂದಿಗೆ ಇಳಿಯುತ್ತದೆ, ಮಣ್ಣಿನೊಳಗೆ ಹುದುಗುತ್ತದೆ, ಹಗಲು ಹೊರಗೆ ಬರುವುದಿಲ್ಲ. ಆದರೂ ಒಂದು ಮಿತಿ ದಾಟಿ ಒಣಗಿದರೆ ಸತ್ತಿತು, ಅಷ್ಟೆ. ಹಾವಸೆ ನೀರನ್ನು ಉಳಿಸಲು ಹೋಗುವುದೇ ಇಲ್ಲ. ಹೋದರೆ ಹೋಗಲಿ ಅಂತ ಬಿಟ್ಟುಬಿಡುತ್ತದೆ. ಮೈಯಲ್ಲಿರುವ ನೀರು ಒಣ ತೂಕದ ಶೇ. 10ಕ್ಕಿಂತ ಕೆಳಗೆ ಇಳಿದರೂ ಇಂಥ ಹಾವಸೆಗಳು ಸಾಯುವುದಿಲ್ಲ. ಒಣಗುವಾಗ ಜೀವಕೋಶದೊಳಗಿನ ಸಕ್ಕರೆ ಮತ್ತು ಕೆಲವು ಪ್ರೋಟೀನುಗಳು ಒಳಗಿನ ಭಾಗಗಳು ಒಂದಕ್ಕೊಂದು ಅಂಟಿ ಹಾಳಾಗದಂತೆ ಕಾಯುತ್ತವೆ. ನೀರು ತಾಗಿದ ಕೂಡಲೇ ಹರಿದದ್ದನ್ನು ಸರಿಪಡಿಸುವ ಕೆಲಸ ಶುರು. ಕೆಲವೇ ಗಂಟೆಗಳಲ್ಲಿ ಬಿಸಿಲು ತಿನ್ನಲು ತಯಾರು.

ಈ ಕಾಯುವ ಶಕ್ತಿ ಎಲ್ಲಿಯವರೆಗೆ ಹೋಗುತ್ತದೆ ಅಂದರೆ ನಂಬುವುದು ಕಷ್ಟ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹಿಮನದಿ ಕರಗಿ ಹಿಂದೆ ಸರಿದಾಗ ಅಡಿಯಲ್ಲಿ 400 ವರ್ಷ ಹಳೆಯ ಹಾವಸೆ ಸಿಕ್ಕಿತು. ಕ್ಯಾಥರೀನ್ ಲಾ ಫಾರ್ಜ್ ಮತ್ತು ತಂಡ ಅದನ್ನು ಲ್ಯಾಬಿನಲ್ಲಿ ಚಿಗುರಿಸಿ 2013ರಲ್ಲಿ ಪ್ರಕಟಿಸಿದರು. ಮರುವರ್ಷ ಅಂಟಾರ್ಕ್ಟಿಕದ ಸಿಗ್ನಿ ದ್ವೀಪದ ಹೆಪ್ಪುಗಟ್ಟಿದ ನೆಲದಿಂದ ತೆಗೆದ 1,500 ವರ್ಷಕ್ಕೂ ಹಳೆಯ ಹಾವಸೆಯೂ ಮತ್ತೆ ಬೆಳೆಯಿತು. ಇವು ನಮ್ಮ ಮೋರಿಯ ಹಾವಸೆಗಳಲ್ಲ, ಚಳಿದೇಶದ ಜಾತಿಗಳು. ಆದರೆ ಗುಂಪಿನ ಗುಣ ಏನು ಅಂತ ಇದರಿಂದ ತಿಳಿಯುತ್ತದೆ.

ಎರಡನೆಯ ವ್ಯತ್ಯಾಸ ಸಂಸಾರದ್ದು. ಕಪ್ಪೆಗೆ ಜೋಡಿ ಬೇಕು. ಗಂಡು ಕೂಗಬೇಕು, ಹೆಣ್ಣು ಕೇಳಿ ಬರಬೇಕು, ಹೊಂಡದಲ್ಲಿ ಮೊಟ್ಟೆ ಇಡಬೇಕು, ಗೊದಮೊಟ್ಟೆ ಕಾಲು ಮೂಡಿ ಮೇಲೆ ಬರುವವರೆಗೆ ಆ ಹೊಂಡದಲ್ಲಿ ನೀರು ನಿಲ್ಲಬೇಕು. ಅದಕ್ಕೆ ಹಿಡಿಯುವುದು ವಾರಗಟ್ಟಲೆ. ಜೂನಿನಲ್ಲಿ ನಾಲ್ಕು ಮಳೆ ಸುರಿದು ಆಮೇಲೆ ಎರಡು ವಾರ ಬಿಸಿಲು ಕಾದರೆ ಆ ಹೊಂಡದ ಅಷ್ಟೂ ಗೊದಮೊಟ್ಟೆ ಹೋಯಿತು. ಹಾವಸೆಗೆ ಜೋಡಿ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಚಿಂತೆ ಇಲ್ಲ. ಹಯೋಫಿಲಾದ ಎಲೆಗಳ ಬುಡದಲ್ಲಿ ನಕ್ಷತ್ರದಾಕಾರದ ಸಣ್ಣ ಮೊಗ್ಗುಗಳು ಹುಟ್ಟುತ್ತವೆ. ಬರಿಗಣ್ಣಿಗೆ ಕಾಣುವುದಿಲ್ಲ. ಅವು ಕಳಚಿ ನೀರಲ್ಲಿ ಹರಿದು ಎಲ್ಲಿ ನಿಂತವೋ ಅಲ್ಲಿ ಹೊಸ ಗಿಡ. ಹಾವಸೆಗಳಲ್ಲಿ ಎಷ್ಟೋ ಜಾತಿಗಳದ್ದು ತುಂಡು ಎಲೆ ಬಿದ್ದರೂ ಚಿಗುರುತ್ತದೆ.

ಮತ್ತೆ ಪ್ರಯಾಣ. ಹಾವಸೆಯ ಬೀಜಕಣ ಧೂಳಿಗಿಂತ ನಯ. ಗಾಳಿ ಹಿಡಿದರೆ ಬೆಟ್ಟ, ನದಿ, ಕೆಲವೊಮ್ಮೆ ಸಮುದ್ರವನ್ನೂ ದಾಟುತ್ತದೆ. ಒಂದೂವರೆ ಸೆಂಟಿಮೀಟರಿನ ಕಪ್ಪೆಗೆ ರಾಷ್ಟ್ರೀಯ ಹೆದ್ದಾರಿ ದಾಟುವುದೇ ದೊಡ್ಡ ಸಾಹಸ. ಒಂದು ಪದವಿನಲ್ಲಿ ಕಪ್ಪೆ ಪೂರ್ತಿ ಹೋದರೆ ಪಕ್ಕದ ಪದವಿನಿಂದ ಬಂದು ತುಂಬಿಕೊಳ್ಳಲು ನಡುವೆ ದಾರಿ ಇರಬೇಕು. ಹಾವಸೆಗೆ ದಾರಿ ಬೇಡ.

ಇಲ್ಲಿ ಒಂದು ಸಂಶಯ ಬರಬೇಕು, ಬಂದರೆ ಒಳ್ಳೆಯದು. ಚರ್ಮವೇ ಕಾರಣವಾದರೆ ಎಲ್ಲ ಕಪ್ಪೆಗೂ ಕುತ್ತು ಬರಬೇಕಿತ್ತು ಅಲ್ವಾ? ಬಂದಿಲ್ಲ. ಮೈಕ್ರೊಹೈಲಾ ಲ್ಯಾಟರೈಟಿನ ಕುಲದ್ದೇ ಇನ್ನೊಂದು ಕಪ್ಪೆ ಮೈಕ್ರೊಹೈಲಾ ಆರ್ನೇಟ. ನೋಡಲೂ ಹೆಚ್ಚುಕಡಿಮೆ ಹಾಗೆಯೇ. ಅದು ದೇಶದ ಉದ್ದಗಲಕ್ಕೂ ಇದೆ, ಯಾವ ಚಿಂತೆಯೂ ಇಲ್ಲ. ಅಂಗಳದ ದೀಪದ ಕೆಳಗೆ ಹುಳ ನುಂಗುವ ಒರಟು ಮೈಯ ಕಪ್ಪೆಗೂ ಏನೂ ಆಗಿಲ್ಲ. ಅಂದರೆ ತೆಳು ಚರ್ಮ ಒಂದೇ ಕೊಲ್ಲುವುದಿಲ್ಲ. ತೆಳು ಚರ್ಮ, ನಿಧಾನದ ಪ್ರಯಾಣ, ಜೊತೆಗೆ ಒಂದೇ ಬಗೆಯ ನೆಲಕ್ಕೆ ಅಂಟಿಕೊಂಡ ಬಾಳು, ಈ ಮೂರೂ ಸೇರಿದಾಗ ಕುತ್ತು. ನೆಲ ಉಳಿದರೆ ಆ ಕಪ್ಪೆಯೂ ಸಾವಿರಾರು ವರ್ಷ ಬಾಳುತ್ತಿತ್ತು, ಬಾಳಿದೆ ಕೂಡ. ಹಾವಸೆಗಳಲ್ಲೂ ಎಲ್ಲವೂ ಗಟ್ಟಿಯಲ್ಲ. ಒಂದೇ ಕಣಿವೆಗೆ, ಒಂದೇ ಶೋಲಾ ಕಾಡಿಗೆ ಅಂಟಿಕೊಂಡ ಜಾತಿಗಳಿಗೂ ಇದೇ ಕಷ್ಟ.

ವಿಷದ ಕತೆ ಮಾತ್ರ ಬೇರೆ, ಅದನ್ನು ನಮ್ಮ ಜಿಲ್ಲೆಯಲ್ಲಿ ಕೂತು ಹೇಳದೆ ಇರಲು ಆಗುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳಲ್ಲಿ ಮನುಷ್ಯರು ಪಟ್ಟ ಪಾಡು ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಗೇರು ತೋಟ ಇರುವುದು ಎಲ್ಲಿ? ಗುಡ್ಡದ ಮೇಲೆ. ಸುರಂಗ, ತೋಡು, ಕೆರೆ ಇರುವುದು ಅದರ ಬುಡದಲ್ಲಿ. ಎಂಡೋಸಲ್ಫಾನ್ ನೀರಿನಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿದ್ದರೂ ಮೀನು ಸಾಯುತ್ತದೆ, ಗೊದಮೊಟ್ಟೆಗೂ ಅದು ವಿಷ. ಕಿವಿರು ಮತ್ತು ತೆಳು ಚರ್ಮದಿಂದ ನೇರ ರಕ್ತಕ್ಕೆ ಇಳಿದು ನರಗಳನ್ನು ಕೆಡಿಸುತ್ತದೆ. ಹಾವಸೆಗೆ ನರವೇ ಇಲ್ಲ. ಅದೇ ವಿಷ ಮೈಮೇಲೆ ಬಿದ್ದರೂ ಅದಕ್ಕೆ ಕೆಡಲು ಆ ಯಂತ್ರವೇ ಇಲ್ಲ.

ಹಾವಸೆ ಇನ್ನೂ ಒಂದು ಹೆಜ್ಜೆ ಮುಂದೆ. ಗಾಳಿಯಲ್ಲಿ, ಮಳೆಯಲ್ಲಿ ಬರುವ ಸೀಸ, ಕ್ಯಾಡ್ಮಿಯಂ, ತಾಮ್ರದಂಥ ಲೋಹಗಳನ್ನು ಅದರ ಜೀವಕೋಶದ ಗೋಡೆ ಹಿಡಿದಿಟ್ಟುಕೊಳ್ಳುತ್ತದೆ. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ರ್‍ಯೂಲಿಂಗ್ ಮತ್ತು ಟೈಲರ್ ಇದನ್ನೇ ಉಪಾಯ ಮಾಡಿಕೊಂಡರು. ಗಾಳಿಯನ್ನು ಅಳೆಯಲು ಯಂತ್ರ ಇಡುವ ಬದಲು ಹಾವಸೆ ಕಿತ್ತು ತಂದು ಲೋಹದ ಲೆಕ್ಕ ನೋಡಿದರು. 1990ರಿಂದ ಯುರೋಪಿನ ಹಲವು ದೇಶಗಳು ಐದು ವರ್ಷಕ್ಕೊಮ್ಮೆ ಒಟ್ಟಿಗೆ ಈ ಕೆಲಸ ಮಾಡುತ್ತಿವೆ. ಹಾವಸೆ ಕೊಳೆಯನ್ನು ಮೈಯಲ್ಲಿ ಬರೆದಿಟ್ಟುಕೊಂಡು ಬದುಕಿರುತ್ತದೆ. ಕಪ್ಪೆಯೂ ಸುದ್ದಿ ಕೊಡುತ್ತದೆ, ಆದರೆ ಇಲ್ಲವಾಗುವ ಮೂಲಕ.

ನಮ್ಮ ಅಡಿಕೆ ತೋಟಕ್ಕೂ ಇದು ಸಂಬಂಧಪಟ್ಟದ್ದು. ಕೊಳೆರೋಗಕ್ಕೆ ಮದ್ದು ಬಿಡುವುದು ಮಳೆಗಾಲದಲ್ಲಿ, ಕಪ್ಪೆ ಮೊಟ್ಟೆಯಿಡುವ ಕಾಲದಲ್ಲೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತಾಮ್ರ ಗೊದಮೊಟ್ಟೆಗೆ ಆಗಿಬರುವುದಿಲ್ಲ. ಮದ್ದು ಬಿಡದೆ ಅಡಿಕೆ ಉಳಿಯುವುದಿಲ್ಲ, ಅದನ್ನು ಬೇಡ ಅನ್ನುವುದು ತೋಟ ಇಲ್ಲದವರ ಮಾತು. ಆದರೆ ಡ್ರಮ್ಮು, ಪಂಪು, ಪೈಪು ತೊಳೆದ ನೀರನ್ನು ತೋಡಿಗೋ ಹೊಂಡಕ್ಕೋ ಬಿಡದೆ ತೋಟದ ಒಣ ಜಾಗದಲ್ಲಿ ಚೆಲ್ಲಿದರೆ ಖರ್ಚೇನೂ ಇಲ್ಲ. ಹಾವಸೆಗೂ ತಾಮ್ರ ಜಾಸ್ತಿಯಾದರೆ ಸುಡುತ್ತದೆ. ಆದರೆ ಆಚೆ ಕಲ್ಲಿನಲ್ಲಿ ಉಳಿದದ್ದು ಬಂದು ಮತ್ತೆ ತುಂಬುತ್ತದೆ.

ಕಪ್ಪೆಯ ಚರ್ಮಕ್ಕೇ ಬರುವ ಒಂದು ರೋಗವನ್ನೂ ಹೇಳಬೇಕು. ಕೈಟ್ರಿಡ್ ಅನ್ನುವ ಶಿಲೀಂಧ್ರ ಚರ್ಮ ಹೊಕ್ಕರೆ ಉಪ್ಪಿನಂಶದ ಲೆಕ್ಕ ತಪ್ಪಿ ಕೊನೆಗೆ ಹೃದಯ ನಿಲ್ಲುತ್ತದೆ. 2019ರ ಒಂದು ಅಧ್ಯಯನದ ಪ್ರಕಾರ ಜಗತ್ತಿನಲ್ಲಿ 501 ಜಾತಿಗಳು ಇದರಿಂದ ಕುಗ್ಗಿವೆ, 90 ಜಾತಿಗಳು ಅಳಿದೇ ಹೋಗಿವೆ ಅಂತ ಅಂದಾಜು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಈ ಶಿಲೀಂಧ್ರ ಕಂಡುಬಂದಿದೆ. ಆದರೆ ಮಧ್ಯ ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಆದ ಹಾಗೆ ಇಲ್ಲಿ ರಾಶಿ ರಾಶಿ ಸಾವು ಕಂಡಿಲ್ಲ. ನಮ್ಮ ಕಡೆ ದೊಡ್ಡ ಶತ್ರು ಅದಲ್ಲ, ನೆಲ ಹೋಗುವುದು.

ಕಾಸರಗೋಡಿನ ನೆಲದಲ್ಲಿ ಇನ್ನೂ ಏನೇನಿದೆಯೋ ಅನ್ನುವುದಕ್ಕೆ ಒಂದು ಪುರಾವೆ ಇದೆ. 2015ರಲ್ಲಿ ಈ ಜಿಲ್ಲೆಯಿಂದಲೇ ಒಂದು ಹೊಸ ಉಭಯವಾಸಿಯನ್ನು ವಿವರಿಸಿದರು. ಕಾಲಿಲ್ಲದ, ಮಣ್ಣಿನೊಳಗೆ ಬಾಳುವ ಸಿಸಿಲಿಯನ್, ನೋಡಿದವರು ಎರೆಹುಳು ಅಂತಲೇ ಬಿಟ್ಟುಬಿಡುತ್ತಾರೆ. ನಮ್ಮ ತೇಜಸ್ವಿನಿ ನದಿಯ ಹೆಸರಿನಲ್ಲಿ ಅದಕ್ಕೆ ಗೆಜೆನಿಯೋಫಿಸ್ ತೇಜಸ್ವಿನಿ ಅಂತ ಹೆಸರಿಟ್ಟರು. ಅದಕ್ಕೂ ಬೇಕಾದದ್ದು ಒದ್ದೆ ಮಣ್ಣು, ಒದ್ದೆ ಚರ್ಮ.

ಹೀಗಿರುವಾಗ ಪದವುಗಳನ್ನು ನಾವು ಏನೆಂದು ಕರೆಯುತ್ತೇವೆ? ಪಾಳುಭೂಮಿ. ಸರಕಾರದ ಕಾಗದದಲ್ಲೂ ಬಹಳ ಸಲ ಹಾಗೆಯೇ. ಮರ ಇಲ್ಲ, ಬೆಳೆ ಬರುವುದಿಲ್ಲ, ಹಾಗಾಗಿ ಯಾರಿಗೂ ಬೇಡದ ಜಾಗ. ಕಲ್ಲು ಕಡಿಯಲು, ಕಾರ್ಖಾನೆ ಕಟ್ಟಲು, ಕಸ ಹಾಕಲು, ಅಕೇಶಿಯಾ ನೆಡಲು ಮೊದಲು ನೆನಪಾಗುವುದು ಅದೇ. ಕಾಡಿಗೆ ಕೈ ಹಾಕಿದರೆ ಕೇಳುವವರಿದ್ದಾರೆ, ಪದವಿಗೆ ಇಲ್ಲ. ನನ್ನ ಮಟ್ಟಿಗೆ ಮುರಕಲ್ಲಿನ ಕಪ್ಪೆಯ ಮುಖ್ಯ ಕಷ್ಟ ಇದು.

ಕೆಂಪುಕಲ್ಲಿನ, ಅಂದರೆ ಇದೇ ಮುರಕಲ್ಲಿನ ಕೋರೆಯನ್ನೇ ನೋಡಿ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಣಗಿ ಗಟ್ಟಿಯಾಗುವ ಕಲ್ಲು ಇದು, ನಮ್ಮ ಹಳೇ ಮನೆಗಳೆಲ್ಲ ಅದರವೇ. ಮೊದಲು ಕೊಡಲಿಯಲ್ಲಿ ಕಡಿಯುತ್ತಿದ್ದರು, ಈಗ ಮೆಷಿನ್. ಕಲ್ಲು ತೆಗೆದಾದ ಮೇಲೆ ಉಳಿಯುವುದು ನೆಟ್ಟಗಿನ ಗೋಡೆಯ, ಆಳುದ್ದಕ್ಕಿಂತ ಆಳದ ಗುಂಡಿ. ಅದರಲ್ಲಿ ನೀರು ನಿಲ್ಲುತ್ತದೆ. ಹಾಗಾದರೆ ಕಪ್ಪೆಗೆ ಒಳ್ಳೆಯದೇ ಆಯಿತಲ್ಲ ಅಂತ ಕೇಳಬಹುದು. ಆಗುವುದಿಲ್ಲ. ಪದವಿನ ಸಣ್ಣ ಹೊಂಡ ಬೇಸಿಗೆಯಲ್ಲಿ ಬತ್ತುತ್ತದೆ, ಬತ್ತುವುದರಿಂದಲೇ ಅಲ್ಲಿ ಮೀನಿಲ್ಲ. ಮೀನಿಲ್ಲದ್ದರಿಂದಲೇ ಮೊಟ್ಟೆ, ಗೊದಮೊಟ್ಟೆ ಉಳಿಯುವುದು. ಕೋರೆಯ ಗುಂಡಿಯಲ್ಲಿ ಎಷ್ಟೋ ಕಡೆ ವರ್ಷವಿಡೀ ನೀರು. ಯಾರೋ ಮೀನಿನ ಮರಿ ಬಿಡುತ್ತಾರೆ. ಸಣ್ಣ ಕಪ್ಪೆಗೆ ಹತ್ತಿ ಇಳಿಯಲು ಓರೆ ದಂಡೆಯೂ ಇಲ್ಲ. ಒಂದು ಗುಂಡಿಗೆ ಹತ್ತಾರು ಸಣ್ಣ ಹೊಂಡಗಳು ಹೋಗಿರುತ್ತವೆ. ಅದೇ ಗುಂಡಿಯ ನೆರಳಿನ ಗೋಡೆಯಲ್ಲಿ ಹಾವಸೆ ಕೆಲವೇ ಮಳೆಗಾಲಗಳಲ್ಲಿ ತುಂಬಿಕೊಳ್ಳುತ್ತದೆ. ದೂರದಿಂದ ನೋಡಿದವರಿಗೆ ಗುಡ್ಡ ಚೇತರಿಸಿಕೊಂಡ ಹಾಗೆ ಕಾಣುತ್ತದೆ. ಹಸಿರು ನೋಡಿ ಲೆಕ್ಕ ಹಾಕಬೇಡಿ. ಜುಲೈಯ ಒಂದು ರಾತ್ರಿ ಟಾರ್ಚ್ ಆರಿಸಿ ನಿಂತು, ಅಲ್ಲಿ ಯಾವ ಯಾವ ಕೂಗು ಕೇಳುತ್ತದೆ ಅಂತ ನೋಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಪ್ಪೆಯ ಕೂಗು ಬಲ್ಲವರಿಗೆ ಕಳಿಸಿದರೆ ಜಾತಿಯನ್ನು ಅವರು ಹೇಳುತ್ತಾರೆ. ಹಿಡಿಯುವುದೂ ಬೇಡ, ಮುಟ್ಟುವುದೂ ಬೇಡ.